ಹೊರೆಯಲ್ಲೂ ಪಾಲು

ಪ್ರೀತಿಯ ಅಪ್ಪಿ,

ಡ್ರಾದಲ್ಲಿ ಜಿಂಕೆ ಲೈಸೆನ್ಸ್ ಬಂತು ಅಂತ ನೀನು ಡೆನ್ವರಿನಿಂದ ಫೋನ್ ಮಾಡಿದ ದಿನ ನನಗಾದ ಖುಷಿಯಲ್ಲಿ ನಿನ್ನತ್ತೆಗೆ ಆ ಸುದ್ದಿಯನ್ನು ಎರಡೆರಡು ಸಲ ಹೇಳಿದೆ. ಆದರೆ ಅವತ್ತು ನೀನು ಕೇಳಿದ್ದು ಮೂರೇ ಪ್ರಶ್ನೆ: ಯಾವ ರೈಫಲ್, ಯಾವ ಬೈನಾಕ್ಯುಲರ್, ಯಾವ ಬೂಟು. ಮೂರಕ್ಕೂ ಅಂಗಡಿಯವನೇ ಉತ್ತರ ಕೊಡುತ್ತಾನೆ. ಯಾರ ಜತೆ ಹೋಗಬೇಕು, ಹೋದಮೇಲೆ ಅವರ ಜತೆ ಹೇಗಿರಬೇಕು ಅಂತ ನೀನು ಕೇಳಲಿಲ್ಲ. ಮೂವತ್ತು ವರ್ಷದಿಂದ ಪ್ರತಿ ಅಕ್ಟೋಬರ್ ತಿಂಗಳೂ ಈ ಕೊಲೊರಾಡೊ ಬೆಟ್ಟ ಹತ್ತಿದವನಿಗೆ ಹೇಳಲಿಕ್ಕಿರುವುದು ಅದೊಂದೇ. ಫೋನಿನಲ್ಲಿ ಹೇಳಿದರೆ "ಹೂಂ ಮಾವ" ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಮ್ಮ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ತೀರ್ಥಹಳ್ಳಿ ಸೀಮೆಯ ನಮ್ಮೂರಲ್ಲಿ ಅಜ್ಜ ಶಿಕಾರಿಗೆ ಹೊರಟರೆ ಕೇರಿಯೇ ಹೊರಡುತ್ತಿತ್ತು. ನಾಯಿಗಳನ್ನು ಕಟ್ಟಿಕೊಂಡು ಕೂಗುತ್ತಾ ಹಳು ನುಗ್ಗುವವರು ಒಂದಿಷ್ಟು ಜನ, ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಪ್ರಾಣಿಗೆ ಕಾಯುವ ಗೊತ್ತಾದ ಜಾಗಕ್ಕೆ, ಕೂರುವವರು ಒಂದಿಷ್ಟು ಜನ. ಬಿಲ್ಲಿಗೆ ಕೂತವನು ಕೂತ ಜಾಗ ಬಿಟ್ಟು ಏಳುವ ಹಾಗಿಲ್ಲ. ಯಾವ ಮರದ ಬುಡದಲ್ಲಿ ಯಾರಿದ್ದಾರೆ ಅನ್ನುವ ಲೆಕ್ಕದ ಮೇಲೆಯೇ ಪಕ್ಕದವನು ಈಡು ಹಾರಿಸುತ್ತಾನೆ. ಒಮ್ಮೆ ಒಬ್ಬರು ಕಡವೆ ಆಸೆಗೆ ಜಾಗ ಬಿಟ್ಟು ನಾಲ್ಕು ಮಾರು ಮುಂದೆ ಬಂದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಜ್ಜ ಅವರನ್ನು ಮುಂದೆಂದೂ ಶಿಕಾರಿಗೆ ಕರೆಯಲಿಲ್ಲ. ಹಬ್ಬಕ್ಕೆ ಕರೆಯುತ್ತಿದ್ದರು, ಗದ್ದೆ ಕೆಲಸಕ್ಕೆ ಕರೆಯುತ್ತಿದ್ದರು, ಶಿಕಾರಿಗೆ ಮಾತ್ರ ಇಲ್ಲ.

ಮಾಂಸ ಪಾಲು ಹಾಕುವಾಗ ನಾನು ಅಜ್ಜನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ಈಡು ಹೊಡೆದವರಿಗೆ ಒಂದು ಪಾಲು ಹೆಚ್ಚು, ಉಳಿದವರಿಗೆಲ್ಲ ಸಮ. ಬಾಳೆಲೆ ಮೇಲೆ ಗುಡ್ಡೆಗಳ ಸಾಲು. ಜ್ವರ ಬಂದು ಬಾರದೇ ಹೋದವನ ಮನೆಗೂ ಒಂದು ಗುಡ್ಡೆ ಇರುತ್ತಿತ್ತು. ಅದನ್ನು ಎಲ್ಲರಿಗಿಂತ ಮೊದಲು ಎತ್ತಿಡುತ್ತಿದ್ದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಗೋಡೆಗೆ ತೂಗುಹಾಕಿದ ಕೋವಿಯನ್ನು ಅಜ್ಜ ಮತ್ತೆ ಶಿಕಾರಿಗೆ ಇಳಿಸಲಿಲ್ಲ. ಅವರಿಗೆ ಅದು ಕಷ್ಟವಾಗಿತ್ತು, ಆದರೆ ಮಾಡಿದ್ದು ಸರಿ. ನಮ್ಮ ಕಾಡು ಅಷ್ಟರಲ್ಲೇ ಬರಿದಾಗುತ್ತಾ ಬಂದಿತ್ತು. ನೀನು ಊರಿಗೆ ಹೋದಾಗ ಯಾರಾದರೂ "ರಾತ್ರಿ ಟಾರ್ಚ್ ಹಿಡಿದು ಒಂದು ರೌಂಡ್ ಹೋಗಿಬರೋಣ" ಅಂತ ಕರೆದರೆ, ಎಷ್ಟೇ ಹತ್ತಿರದ ನೆಂಟನಾದರೂ ಹೋಗಬೇಡ. ಇಲ್ಲಿ ಕಲಿತದ್ದನ್ನು ಅಲ್ಲಿ ತೋರಿಸಬೇಡ.

ಇಲ್ಲಿನ ಲೆಕ್ಕ ಬೇರೆ. ಇಲ್ಲೂ ಒಂದು ಕಾಲದಲ್ಲಿ ಮಾರುಕಟ್ಟೆಗೆಂದು ಕೊಂದು ಕೊಂದು ಜಿಂಕೆ ಮುಗಿಯುವ ಹಂತಕ್ಕೆ ಬಂದಿತ್ತು. ಆಮೇಲೆ ಕಾನೂನು ಬಂತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ಗುಂಡುಗಳ ಮೇಲೆ ಶೇ. 11ರಷ್ಟು ತೆರಿಗೆ ಇದೆ. ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಯಾವ ಪ್ರದೇಶದಲ್ಲಿ ಎಷ್ಟು ಜಿಂಕೆ ಹೊಡೆಯಬಹುದು ಅಂತ ಲೆಕ್ಕ ಹಾಕಿ ಅಷ್ಟೇ ಲೈಸೆನ್ಸ್ ಕೊಡುತ್ತಾರೆ. ನಿನ್ನ ಕೈಗೆ ಬಂದಿರುವುದು ಆ ಲೆಕ್ಕದ ಒಂದು ಕಾಗದ. ಅದನ್ನು ನಿನ್ನ ಹಕ್ಕು ಅಂದುಕೊಳ್ಳುವ ಮೊದಲು ಕಾಡು ಕೊಟ್ಟ ಒಂದು ಪಾಲು ಅಂದುಕೋ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡ. ನೀನಿರುವುದು ಎಚ್-1ಬಿ ವೀಸಾದಲ್ಲಿ. ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳಬಾರದು ಅನ್ನುವುದು ಇಲ್ಲಿನ ಕೇಂದ್ರ ಕಾನೂನು. ಊರ್ಜಿತವಾಗಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಮಾತ್ರ ವಿನಾಯಿತಿ ಇದೆ. ಅದಕ್ಕೇ ಈ ವರ್ಷ ರೈಫಲ್ ಕೊಳ್ಳಬೇಡ. ಮೊದಲು ವಕೀಲರನ್ನು ಕೇಳು. ಅವರು ಸರಿ ಅಂದರೆ ನನ್ನ ಹಳೆಯ 270 ವಿಂಚೆಸ್ಟರ್ ಇದೆ, ಬೇಟೆಗೆ ಅದನ್ನೇ ಕೊಡುತ್ತೇನೆ.

ಈಗ ಜನರ ಮಾತು.

ನಾನು ಪ್ರತಿ ವರ್ಷ ಬೇಟೆಗೆ ಹೋಗುವ ಈ ಗುಂಪಿಗೆ ಸೇರಿದ ಎರಡನೇ ವರ್ಷ, ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಮೇಲೆ, ಸಂಜೆ ಬೆಳಕು ಇಳಿಯುವ ಹೊತ್ತು. ಇಲ್ಲಿನ ಮ್ಯೂಲ್ ಡಿಯರ್‌ಗೆ ಹೇಸರಗತ್ತೆಯ ಕಿವಿ, ಅದರಿಂದಲೇ ಆ ಹೆಸರು. ಆಸ್ಪೆನ್ ಮರಗಳ ಅಂಚಿನಲ್ಲಿ ಎರಡು ಕಿವಿ, ಮೇಲೆ ಅಗಲವಾದ ಕೊಂಬು ಕಂಡಿತು. ನಾನೂರು ಗಜಕ್ಕೂ ಹೆಚ್ಚು ದೂರ. ನಾನು ಅಭ್ಯಾಸ ಮಾಡಿದ್ದು ಇನ್ನೂರು ಗಜಕ್ಕೆ. ಕೊಂಬು ನೋಡಿ ಮನಸ್ಸು ತಡೆಯಲಿಲ್ಲ, ಹೊಡೆದೆ. ಜಿಂಕೆ ಬೆನ್ನು ಗೂನು ಮಾಡಿ ಮರಗಳೊಳಗೆ ಹೋಯಿತು. ಹಾಗೆ ಗೂನು ಬಿದ್ದರೆ ಗುಂಡು ಹೊಟ್ಟೆಗೆ ತಗುಲಿದೆ ಅಂತ ಅರ್ಥ. ಅದು ನನಗೆ ಆಗ ಗೊತ್ತಿರಲಿಲ್ಲ, ಗುಂಪಿನ ಹಿರಿಯರಿಗೆ ಗೊತ್ತಿತ್ತು. ಅವರು ಗಡಿಯಾರ ನೋಡಿದರು, "ಈಗ ಬೆನ್ನು ಹತ್ತಿದರೆ ಅದು ಎದ್ದು ಇನ್ನೂ ದೂರ ಹೋಗುತ್ತದೆ, ಬೆಳಿಗ್ಗೆ ಹುಡುಕೋಣ" ಅಂದರು.

ಮಾರನೆಯ ದಿನ ಗುಂಪಿನ ಉಳಿದ ಮೂವರೂ ತಮ್ಮ ಬೇಟೆ ಬಿಟ್ಟರು. ಅವರಿಗೆ ವರ್ಷಕ್ಕೆ ಸಿಗುವುದೇ ಆ ಒಂಬತ್ತು ದಿನ. ಅದರಲ್ಲಿ ಒಂದು ಪೂರ್ತಿ ದಿನ ಮಂಡಿಯೂರಿ ಒಣ ಎಲೆಗಳ ಮೇಲೆ ರಕ್ತದ ಚುಕ್ಕೆ ಹುಡುಕಿದರು. ಒಂದು ಚುಕ್ಕೆ ಸಿಕ್ಕಿದಲ್ಲಿ ಕಿತ್ತಳೆ ರಿಬ್ಬನ್ ಕಟ್ಟುವುದು, ಮುಂದಿನದಕ್ಕೆ ಹುಡುಕುವುದು. ಮಧ್ಯಾಹ್ನ ಮೂರಕ್ಕೆ ಕಾಗೆಗಳ ಗದ್ದಲ ಕೇಳಿ ಹೋದಾಗ ಸಿಕ್ಕಿತು. ಕಯೋಟಿಗಳು ತಿಂದಿದ್ದವು, ಉಳಿದದ್ದು ಕೆಟ್ಟಿತ್ತು. ನಾನು ನನ್ನ ಲೈಸೆನ್ಸಿನ ಟ್ಯಾಗ್ ತೆಗೆದು ಆ ಜಿಂಕೆಗೇ ಕಟ್ಟಿದೆ. ಆ ವರ್ಷದ ನನ್ನ ಬೇಟೆ ಅಲ್ಲಿಗೆ ಮುಗಿಯಿತು. ಯಾರೂ ಬೈಯಲಿಲ್ಲ. ರಾತ್ರಿ ಬೆಂಕಿ ಪಕ್ಕ ಹಿರಿಯರು ನನ್ನ ತಟ್ಟೆಗೆ ಬೀನ್ಸ್ ಬಡಿಸುತ್ತಾ, ನಾಳೆ ನಮ್ಮ ಜತೆ ದುರ್ಬೀನು ಹಿಡಿದು ಕೂರು, ಕಣ್ಣು ಬೇಕಾಗುತ್ತದೆ ಅಂದರು. ಅಷ್ಟೇ. ಆ ಜಿಂಕೆ ಎಷ್ಟು ಹೊತ್ತು ನರಳಿತೋ ಅನ್ನುವುದು ನನಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ನಿನಗೆ ಹಾಗೆ ಆಗಬಾರದು ಅಂತಲೇ ಇದನ್ನು ಬಿಡಿಸಿ ಬರೆದೆ. ಇನ್ನೂರು ಗಜದಾಚೆ ನೀನು ಗುರಿ ಹಿಡಿಯಬೇಡ. ಕೈ ನಡುಗಿದರೆ, ಉಸಿರು ಏರಿದರೆ, ಬೆಳಕು ಸಾಲದಾದರೆ ಬಿಟ್ಟುಬಿಡು. ನೀನು ತಪ್ಪಿ ಹೊಡೆದ ಒಂದು ಗುಂಡಿನ ಬೆಲೆಯನ್ನು ಜತೆಗಿದ್ದವರೆಲ್ಲ ತೆರಬೇಕಾಗುತ್ತದೆ, ಎಲ್ಲರಿಗಿಂತ ಹೆಚ್ಚಾಗಿ ಆ ಪ್ರಾಣಿ.

ಕಾಡಿನಲ್ಲಿ ನಿನ್ನನ್ನು ನೋಡುವವರು ಯಾರೂ ಇಲ್ಲ. ಪ್ರೇಕ್ಷಕರಿಲ್ಲದ ಆಟ ಇದು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಗುಂಡು ಹಾರಿಸಬೇಕು ಅನ್ನುತ್ತದೆ ಕಾನೂನು. ಹತ್ತು ನಿಮಿಷ ತಡವಾದರೆ ಹಿಡಿಯುವವರು ಯಾರು? ಜತೆಗಿರುವವನ ಕಣ್ಣು ಮಾತ್ರ. ಅದಕ್ಕೇ ಎಂಥವರ ಜತೆ ಹೋಗುತ್ತೀಯೋ ಅಂಥ ಬೇಟೆಗಾರ ನೀನಾಗುತ್ತೀಯ. ಯಾರಾದರೂ ನಿನಗೆ "ಪರವಾಗಿಲ್ಲ ಹೊಡಿ, ಯಾರೂ ನೋಡಲ್ಲ" ಅಂದರೆ ಅವನು ಎಷ್ಟೇ ಗುರಿಕಾರನಾಗಿರಲಿ, ಮಾರನೆಯ ದಿನವೇ ಗಂಟು ಕಟ್ಟಿ ಇಳಿದು ಬಾ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಕಿತ್ತಳೆ ಜಾಕೆಟ್ ವಿಷಯದಲ್ಲಿ ನಾಚಿಕೆ ಬೇಡ. ಸೊಂಟದ ಮೇಲೆ 500 ಚದರ ಇಂಚು, ಜತೆಗೆ ತಲೆಗೆ ಟೋಪಿ, ಹೊಳೆಯುವ ಕಿತ್ತಳೆ ಬಣ್ಣದ್ದು. ಗುಲಾಬಿಯೂ ಆಗುತ್ತದೆ. ಅಜ್ಜನ ಕಾಲದಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದನ್ನು ಬಿಲ್ಲು ಹೇಳುತ್ತಿತ್ತು, ಇಲ್ಲಿ ಬಣ್ಣ ಹೇಳುತ್ತದೆ. ಆದರೂ ಬೆಳಿಗ್ಗೆ ಹೊರಡುವಾಗ ಯಾರು ಯಾವ ಕಣಿವೆ ಅಂತ ಬಾಯಿಬಿಟ್ಟು ಹೇಳಿಯೇ ಹೋಗಬೇಕು, ಹೇಳಿದ ಕಣಿವೆ ಬಿಟ್ಟು ಬೇರೆಡೆಗೆ ಹೋಗಬಾರದು. ಗಾಳಿಯ ಲೆಕ್ಕವೂ ಹಾಗೇ. ಬಿಸಿಲು ಏರುವ ಮೊದಲು ತಣ್ಣಗಿನ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲು ಕಾದಮೇಲೆ ಮೇಲಕ್ಕೆ ಏರುತ್ತದೆ. ಕೆಳಗೆ ಗೆಳೆಯ ಕೂತಿದ್ದಾನೆ ಅಂತ ಗೊತ್ತಿದ್ದೂ ನಸುಕಿನಲ್ಲಿ ಅವನ ತಲೆಯ ಮೇಲಿನ ದಿಬ್ಬ ಹತ್ತಿದರೆ ನಿನ್ನ ಮೈವಾಸನೆ ಅವನ ಮೂರು ಗಂಟೆಯ ಕಾಯುವಿಕೆಯನ್ನು ಹಾಳುಮಾಡುತ್ತದೆ. ನನಗೆ ಇದನ್ನು ಕಲಿಯಲು ನಾಲ್ಕು ವರ್ಷ ಬೇಕಾಯಿತು.

ಡೆನ್ವರಿನ 5,280 ಅಡಿಯಲ್ಲಿ ಓಡುತ್ತೀಯ ಅಂತ ಧೈರ್ಯ ಬೇಡ. ನಾವು ಮಲಗುವುದು 10,000 ಅಡಿ ದಾಟಿದ ಮೇಲೆ. ಒಂದು ವರ್ಷ ನಮ್ಮಲ್ಲೊಬ್ಬ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಎರಡನೇ ರಾತ್ರಿ ತಲೆನೋವು ಅಂದ. ಬೆಳಿಗ್ಗೆ ವಾಂತಿ ಮಾಡಿದ. ಬೂಟಿನ ಲೇಸು ಕಟ್ಟಲು ಹೋದವನು ಪಕ್ಕಕ್ಕೆ ವಾಲಿದ. ಅದೇ ಹೊತ್ತಿಗೆ ಎದುರು ದಿಬ್ಬದಲ್ಲಿ, ಹದಿನೈದು ವರ್ಷದಲ್ಲಿ ನಾವು ಕಂಡ ಎಲ್ಲಕ್ಕಿಂತ ದೊಡ್ಡ ಗಂಡು ಜಿಂಕೆ ಮೇಯುತ್ತಿತ್ತು. ಹಿರಿಯರು ಅದನ್ನು ದುರ್ಬೀನಿನಲ್ಲಿ ಒಂದು ಸಲ ನೋಡಿದರು, ದುರ್ಬೀನನ್ನು ಚೀಲಕ್ಕೆ ಹಾಕಿದರು, ಹುಡುಗನ ಸಾಮಾನು ಹಂಚಿ ಹೊತ್ತುಕೊಳ್ಳಿ ಅಂದರು. ಎತ್ತರದ ಕಾಯಿಲೆಗೆ ಮೊದಲ ಮದ್ದು ಇಳಿಯುವುದು. ಮೂರು ಸಾವಿರ ಅಡಿ ಇಳಿದಮೇಲೆ ಅವನ ಮುಖಕ್ಕೆ ಬಣ್ಣ ಬಂತು. ಆ ಜಿಂಕೆಯ ಮಾತನ್ನು ಹಿರಿಯರು ಮತ್ತೆ ಅವನೆದುರು ಒಂದು ದಿನವೂ ಎತ್ತಲಿಲ್ಲ. ನಿನಗೆ ತಲೆನೋವು ಬಂದರೆ ಮುಚ್ಚಿಡಬೇಡ. ಮುಚ್ಚಿಟ್ಟು ಮಧ್ಯರಾತ್ರಿ ಬಿದ್ದರೆ ಕತ್ತಲಲ್ಲಿ ನಿನ್ನನ್ನು ಇಳಿಸುವವರ ಜೀವವೂ ಅಪಾಯಕ್ಕೆ ಬೀಳುತ್ತದೆ.

ಈಗ ಹೊರೆ. ಜಿಂಕೆ ಬಿದ್ದ ಕ್ಷಣದಲ್ಲಿ ಎಲ್ಲ ಮುಗಿಯಿತು ಅನ್ನಿಸುತ್ತದೆ, ನಿಜವಾದ ಕೆಲಸ ಆಗ ಶುರು. ಚರ್ಮ ಬಿಡಿಸಿ, ನಾಲ್ಕು ಕಾಲು, ಬೆನ್ನಿನ ಮಾಂಸ, ಒಳಗಿನ ಮೆತ್ತನೆಯ ಮಾಂಸ ಎಲ್ಲವನ್ನೂ ತೆಗೆದು ಬಟ್ಟೆ ಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಬಿಸಿ ಆರದಿದ್ದರೆ ಮೂಳೆಯ ಬುಡದಿಂದ ಹುಳಿಯಾಗುತ್ತದೆ. ತಿನ್ನುವ ಮಾಂಸ ಬಿಟ್ಟು ಕೊಂಬು ಮಾತ್ರ ತರುವುದು ಇಲ್ಲಿ ಅಪರಾಧ. ನನ್ನ ಪ್ರಕಾರ ಅದು ಪಾಪವೂ ಹೌದು. ದೊಡ್ಡ ಗಂಡಾದರೆ ಮೂಳೆ ಬಿಡಿಸಿದ ಮಾಂಸವೇ ಮೂವತ್ತು ಕಿಲೋ ಆಚೀಚೆ. ಕ್ಯಾಂಪು ನಾಲ್ಕು ಮೈಲಿ ದೂರ. 1964ರ ವಿಲ್ಡರ್‌ನೆಸ್ ಕಾಯ್ದೆಯಡಿ ಬರುವ ಆ ಕಾಡಿನೊಳಗೆ ಜೀಪು ಹೋಗಲಿ, ಕೈಯಲ್ಲಿ ತಳ್ಳುವ ಗಾಡಿಯನ್ನೂ ಒಯ್ಯುವಂತಿಲ್ಲ. ಕುದುರೆ ಇಲ್ಲದವರಿಗೆ ಬೆನ್ನೇ ಗತಿ.

ಆಗ ಜತೆಯವರು ಯಾರು ಅನ್ನುವುದು ಗೊತ್ತಾಗುತ್ತದೆ. ನಾನು ಮೊದಲ ಸಲ ಸರಿಯಾಗಿ ಹೊಡೆದ ಜಿಂಕೆ ಮೂರು ಕಣಿವೆಯಾಚೆ ಬಿದ್ದಿತ್ತು. ರೇಡಿಯೋದಲ್ಲಿ ಹೇಳಿದ ಒಂದೂವರೆ ಗಂಟೆಗೆ ಇಬ್ಬರು ಖಾಲಿ ಹೊರೆ ಚೌಕಟ್ಟು ಬೆನ್ನಿಗೆ ಕಟ್ಟಿಕೊಂಡು ಬಂದರು. ಅವರಲ್ಲೊಬ್ಬ ಆ ಬೆಳಿಗ್ಗೆ ತನ್ನ ಜಾಗದಲ್ಲಿ ಕಾಯುತ್ತಿದ್ದವನು, ಬಿಟ್ಟು ಬಂದಿದ್ದ. ಹಣೆದೀಪದ ಬೆಳಕಿನಲ್ಲಿ ರಾತ್ರಿ ಹತ್ತಕ್ಕೆ ಕ್ಯಾಂಪ್ ಮುಟ್ಟಿದೆವು. ಹೆಗಲು ಉರಿಯುತ್ತಿತ್ತು, ಮೊಣಕಾಲು ಅದುರುತ್ತಿತ್ತು. ಆ ರಾತ್ರಿ ನನಗೆ ಅಜ್ಜನ ಬಾಳೆಲೆ ನೆನಪಾಯಿತು. ನಮ್ಮೂರಲ್ಲಿ ಮಾಂಸಕ್ಕೆ ಪಾಲು ಹಾಕುವುದನ್ನು ನೋಡಿದ್ದೆ. ಹೊರೆಗೂ ಪಾಲು ಹಾಕುತ್ತಾರೆ ಅನ್ನುವುದನ್ನು ಕಂಡದ್ದು ಈ ದೇಶದಲ್ಲಿ, ನನ್ನ ಭಾಷೆ ಬಾರದ, ನನ್ನ ದೇವರು ಗೊತ್ತಿಲ್ಲದ ಮನುಷ್ಯರಿಂದ. ಇನ್ನೊಬ್ಬನ ಜಿಂಕೆ ಬಿದ್ದ ಸುದ್ದಿ ಬಂದಾಗ ಮೊದಲು ಏಳುವವನು ನೀನಾಗಿರು, ಅಪ್ಪಿ. ಭಾರದ ಚೀಲ ಯಾವುದು ಅಂತ ಎತ್ತಿ ನೋಡಿ ಹಗುರದ್ದನ್ನು ಆರಿಸಬೇಡ. ಅವನ ಕೊಂಬು ನಿನ್ನದಕ್ಕಿಂತ ದೊಡ್ಡದಾಗಿದ್ದರೆ ಅವತ್ತು ಬಾಯ್ತುಂಬಾ ಹೊಗಳು.

ಗುಂಪಿನವರು ತೋರಿಸಿದ ಜಾಗವನ್ನು ಯಾರಿಗೂ ಹೇಳಬೇಡ, ಆಫೀಸಿನ ಗೆಳೆಯರಿಗೂ. ಹಿಂದಿನ ಗುಡ್ಡ ಕಾಣುವ ಫೋಟೋವನ್ನೂ ಹಂಚಬೇಡ. ಇಪ್ಪತ್ತು ವರ್ಷ ನಡೆದು ಹುಡುಕಿದ ಕಣಿವೆಯನ್ನು ಅವರು ನಿನ್ನನ್ನು ನಂಬಿ ತೋರಿಸುತ್ತಾರೆ.

ಬೆಂಕಿ ಪಕ್ಕ ತೋಳದ ಮಾತು ಬರುತ್ತದೆ. 2023ರ ಡಿಸೆಂಬರಿನಲ್ಲಿ ಈ ರಾಜ್ಯಕ್ಕೆ ತೋಳಗಳನ್ನು ಮತ್ತೆ ತಂದು ಬಿಟ್ಟಿದ್ದಾರೆ, ನಮ್ಮವರಲ್ಲೇ ಕೆಲವರಿಗೆ ಸಿಟ್ಟಿದೆ. ಹೊಸಬನಾಗಿ ನೀನು ಕೇಳಿಸಿಕೋ, ವಾದಕ್ಕೆ ಇಳಿಯಬೇಡ. ಆದರೆ ಬರುವ ಮೊದಲು ಆಲ್ಡೊ ಲಿಯೊಪೋಲ್ಡ್ 1949ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ತೋಳದ ಬಗ್ಗೆ ಬರೆದ ಪುಟಗಳನ್ನು ಓದಿಕೊಂಡು ಬಾ. ತೋಳ ಕಡಿಮೆಯಾದರೆ ಜಿಂಕೆ ಹೆಚ್ಚು ಅಂತ ನಂಬಿ ಯೌವನದಲ್ಲಿ ತೋಳ ಹೊಡೆದ ಬೇಟೆಗಾರ ಅವರು. ಸಾಯುತ್ತಿದ್ದ ತೋಳವೊಂದರ ಕಣ್ಣು ನೋಡಿ ಅವರ ಮನಸ್ಸು ಬದಲಾಗತೊಡಗಿತು.

ಮಾಂಸವನ್ನು ಮನೆಗೆ ತಂದ ಕೂಡಲೇ ಹಂಚಬೇಡ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಕಾಯಿಲೆಯೊಂದಿದೆ, ಇಲ್ಲಿ ಅದನ್ನು ಸಿಡಬ್ಲ್ಯುಡಿ ಅನ್ನುತ್ತಾರೆ. 1967ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಫೋರ್ಟ್ ಕಾಲಿನ್ಸ್ ಹತ್ತಿರವೇ, ಸಾಕಿದ ಜಿಂಕೆಗಳಲ್ಲಿ. ಮನುಷ್ಯರಿಗೆ ಹರಡಿದ್ದು ಕಂಡಿಲ್ಲ, ಆದರೆ ಸೋಂಕಿದ ಮಾಂಸ ತಿನ್ನಬಾರದು ಅಂತ ವೈದ್ಯರ ಸಲಹೆ. ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಫ್ರೀಜರಿನಲ್ಲಿ ಹೆಸರು ಬರೆದು ಇಡು.

ಬುಧವಾರ ಸಂಜೆಯೊಳಗೆ ಮನೆಗೆ ಬಾ, ಗುರುವಾರ ನಸುಕಿಗೆ ಹೊರಡೋಣ. ಹತ್ತಿ ಬಟ್ಟೆ ತರಬೇಡ, ಒದ್ದೆಯಾದರೆ ಅದು ಚಳಿಯನ್ನು ಮೈಗೆ ಅಂಟಿಸುತ್ತದೆ, ಉಣ್ಣೆಯದು ತಾ. ನಾವು ಯಾವ ದಾರಿಯಲ್ಲಿ ಹತ್ತುತ್ತೇವೆ, ಯಾವತ್ತು ಇಳಿಯುತ್ತೇವೆ ಅಂತ ಬರೆದು ನಿನ್ನತ್ತೆ ಕೈಗೆ ಕೊಡೋಣ. ನಿನ್ನಮ್ಮನಿಗೂ ಒಂದು ಪ್ರತಿ ಕಳಿಸು, ಅವಳು ಹೆದರುತ್ತಾಳೆ ಅಂತ ಮುಚ್ಚಿಡಬೇಡ.

ಹಿರಿಯರು ಈ ವರ್ಷ ಬರುತ್ತಿಲ್ಲ. ಎಂಬತ್ತೊಂದಾಯಿತು, ವೈದ್ಯರು ಎತ್ತರ ಬೇಡ ಅಂದಿದ್ದಾರೆ. ಮೊನ್ನೆ ಹೋಗಿದ್ದೆ. ತಮ್ಮ ಹೊರೆ ಚೌಕಟ್ಟಿನ ಪಟ್ಟಿಗಳನ್ನು ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದರು, "ನಿನ್ನ ಅಳಿಯನಿಗೆ" ಅಂತ ನನ್ನ ಕೈಗೆ ಕೊಟ್ಟರು. ಅದು ನಮ್ಮ ಬಾಗಿಲ ಪಕ್ಕ ಇದೆ. ನಿನ್ನ ಹೆಗಲಿಗೆ ಸರಿಹೊಂದಿಸಬೇಕು. ಜಿಂಕೆ ಯಾರದೇ ಬೀಳಲಿ, ಪಾಲು ಹಾಕುವಾಗ ಅವರ ಮನೆಯದನ್ನು ಮೊದಲು ಎತ್ತಿಡು.

ನಿನ್ನ ಮಾವ