ಹುಳಿಯಾರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ: ದಾರಿ ಎಷ್ಟು, ಹೊತ್ತೆಷ್ಟು?

ಮಗಳ ಬಾಣಂತನಕ್ಕೆಂದೋ ಮೊಮ್ಮಗನನ್ನು ನೋಡಲೆಂದೋ ಅಮೆರಿಕಕ್ಕೆ ಹೊರಡುವವರು ಈಗ ತೆಂಗಿನ ಸೀಮೆಯಲ್ಲೂ ಇದ್ದಾರೆ. ಟಿಕೆಟ್ ಕೈಗೆ ಬಂದ ಮೇಲೆ ಹೊತ್ತಿನ ಲೆಕ್ಕ ಹೀಗೆ ಹಾಕಿಕೊಳ್ಳಿ.

1. ಗಡಿಯಾರ ಎರಡು
ಟಿಕೆಟ್‌ನಲ್ಲಿ ಹೊರಡುವ ವೇಳೆ ಬೆಂಗಳೂರಿನದು, ಇಳಿಯುವ ವೇಳೆ ಅಲ್ಲಿಯದು. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ಇಳಿಯುತ್ತದೆ ಎಂದಿದ್ದರೆ ಮೂರೂವರೆ ಗಂಟೆಯ ಪ್ರಯಾಣವೆಂದಲ್ಲ. ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಮಗಿಂತ 13.30 ಗಂಟೆ ಹಿಂದಿದೆ. ಅದನ್ನು ಕೂಡಿಸಿದರೆ 17 ಗಂಟೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಈ ವ್ಯತ್ಯಾಸ 12.30 ಗಂಟೆ.

2. ದೂರ ನೋಡಿ ಅಂದಾಜಿಸಿ
ಕಿಲೋಮೀಟರನ್ನು 850ರಿಂದ ಭಾಗಿಸಿ, ಏರಿಳಿತಕ್ಕೆ ಅರ್ಧ ಗಂಟೆ ಸೇರಿಸಿ. ಲಂಡನ್‌ಗೆ ಸುಮಾರು 8,000 ಕಿ.ಮೀ., ಅಂದರೆ ಹತ್ತು ಗಂಟೆ. ಸ್ಯಾನ್‌ಫ್ರಾನ್ಸಿಸ್ಕೊಗೆ ಸುಮಾರು 14,000. ಲಂಡನ್‌ಗೆ ಹೋಗುವಾಗ ಪಡುವಣದಿಂದ ಬೀಸುವ ಮೇಲ್ಗಾಳಿ ಎದುರಾಗಿ ಹೊತ್ತು ಹೆಚ್ಚು ಹಿಡಿಯುತ್ತದೆ, ಬರುವಾಗ ಅದೇ ಗಾಳಿ ಹಿಂದಿನಿಂದ ನೂಕುತ್ತದೆ.

3. ನಡುವಿನ ನಿಲುಗಡೆ
ನೇರ ವಿಮಾನ ಸಿಗದಿದ್ದರೆ ವಿಮಾನ ಬದಲಿಸಲು ಮೂರು ಗಂಟೆಯಾದರೂ ಇರಲಿ. ಅಮೆರಿಕದೊಳಗೇ ಬದಲಿಸುವುದಾದರೆ, ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜು ಎತ್ತಿಕೊಂಡು ಮತ್ತೆ ಒಪ್ಪಿಸಬೇಕು.

4. ಮನೆಯಿಂದ ಹೊರಡುವ ಹೊತ್ತು
ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ದೇವನಹಳ್ಳಿಗೆ ನಾಲ್ಕು ಗಂಟೆ ಹಿಡಿಯಿರಿ, ಒಂದು ಗಂಟೆ ಕೈಯಲ್ಲಿರಲಿ. ಎರಡನೇ ಟರ್ಮಿನಲ್‌ಗೆ ಮೂರು ಗಂಟೆ ಮುಂಚೆ ಸೇರಬೇಕು. ಹೀಗಾಗಿ ಮಧ್ಯಾಹ್ನ 2ರ ವಿಮಾನಕ್ಕೆ ಬೆಳಿಗ್ಗೆ 6ಕ್ಕೇ ಹುಳಿಯಾರು ಬಿಡಿ. ಅಲ್ಲಿಳಿದು ಹೊರಬರಲು ಎರಡು ಗಂಟೆ ಸೇರಿಸಿದರೆ, ನೇರ ವಿಮಾನದಲ್ಲೂ ಒಟ್ಟು 27 ಗಂಟೆಯ ಪ್ರಯಾಣ.

5. ಕೊಬ್ಬರಿ ಬೇಡ
ಉಂಡೆ ಕೊಬ್ಬರಿ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲೂ ಇಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದೆಂದು ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363ನೇ ಸಂಖ್ಯೆ. ಪೆಟ್ಟಿಗೆ ಬಿಚ್ಚಿಸಿದರೆ ಕೈಯಲ್ಲಿದ್ದ ಆ ಒಂದು ಗಂಟೆಯೂ ಹೋದೀತು. ಬೇರೆ ತಿಂಡಿ ಏನೇ ಒಯ್ದರೂ ಅಮೆರಿಕದ ಕಸ್ಟಮ್ಸ್‌ಗೆ ತಿಳಿಸಿ.

6. ವಾಪಸು ಬರುವ ತಾರೀಖು
ಬರುವಾಗ ಲೆಕ್ಕ ತಿರುವುಮುರುವು. ಏರ್ ಇಂಡಿಯಾದ ಮೊದಲ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ಕೈಯಲ್ಲಿ, 2021ರ ಜನವರಿ 9ರ ರಾತ್ರಿ ಹೊರಟು 11ರ ನಸುಕಿಗೆ ಇಳಿಯಿತು. ಕರೆತರುವ ಕಾರು ಗೊತ್ತುಮಾಡುವಾಗ ಹೊರಟ ತಾರೀಖು ನೋಡಬೇಡಿ, ಇಳಿಯುವ ತಾರೀಖು ನೋಡಿ. ಹನ್ನೊಂದರ ನಸುಕಿಗೆ ಇಳಿಯುವುದಾದರೆ ಕಾರು ಹುಳಿಯಾರು ಬಿಡಬೇಕಾದದ್ದು ಹತ್ತರ ರಾತ್ರಿಯೇ.