ಅರ್ಧಕ್ಕ ನಿಂತ ಡೌನ್‌ಲೋಡ್

ರಜೆಗೆ ಜಮಖಂಡಿಗೆ ಹೋದಾಗ ಲ್ಯಾಬಿಗೆ ಬೇಕಾದ 4 ಜಿಬಿ ಫೈಲನ್ನು ವಿಗೆಟ್‌ನಿಂದ ಇಳಿಸಾಕ ಹಚ್ಚಿದ್ವಿ. 8 ಎಂಬಿಪಿಎಸ್ ಅಂದ್ರ ಸೆಕೆಂಡಿಗೆ 8 ಮೆಗಾಬಿಟ್, ಅಂದ್ರ 1 ಮೆಗಾಬೈಟ್ ಅಷ್ಟೇ. ಲೆಕ್ಕದ ಪ್ರಕಾರ ಸುಮಾರು 67 ನಿಮಿಷ. 90%ಗೆ ಕರೆಂಟ್ ಹೋಗಿ ರೂಟರ್ ಬಂದ್ ಆತು.

ಇಂಥಲ್ಲಿ ಮೊದಲಿಂದ ಶುರು ಮಾಡಬ್ಯಾಡ್ರಿ. ಅದೇ ಫೋಲ್ಡರಿನಲ್ಲಿ, ಅದೇ ಕಮಾಂಡಿಗೆ 'ಹೈಫನ್ ಸಿ' ಸೇರಿಸಿ. ವಿಗೆಟ್ ಅರ್ಧ ಫೈಲಿನ ಸೈಜ್ ನೋಡಿ, 'ಈ ಬೈಟಿನಿಂದ ಮುಂದ ಕೊಡು' ಅಂತ ಸರ್ವರನ್ನು ಕೇಳ್ತದ. ಸರ್ವರ್ ಒಪ್ಪಿದ್ರ ಉತ್ತರ 206. ಉಳಿದದ್ದು ಮಾತ್ರ ಬರ್ತದ.

ಪೂರ್ತಿ ಬಂದ ಮೇಲೆ ಎಸ್‌ಎಚ್‌ಎ-256 ಹ್ಯಾಶ್ ತೆಗೆದು, ಸೈಟಿನಲ್ಲಿ ಕೊಟ್ಟದ್ದಕ್ಕೆ ಹೋಲಿಸಿ. ಒಂದು ಬಿಟ್ ಬದಲಾದ್ರೂ ಹೊಂದೂದಿಲ್ಲ. ಹಿಂದಿನ ಸಲ ನಾವು ಹೋಲಿಸದೇ ಕೆಟ್ಟ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿ, ಲ್ಯಾಬ್ ದಿನ ಕೈ ಕೈ ಹಿಸುಕಿಕೊಂಡಿದ್ವಿ.