ಭೂಭರ್ತಿ ತಾಣದ ವೆಚ್ಚ: ಯಾರಿಂದ, ಯಾವ ಅಳತೆಯಲ್ಲಿ?

ಗೊಬ್ಬರಕ್ಕೂ ಮರುಬಳಕೆಗೂ ಒದಗದೆ ಉಳಿಯುವ ಕಸವನ್ನು ವೈಜ್ಞಾನಿಕವಾಗಿ ಹೂಳುವ ಸ್ಥಳವೇ ಭೂಭರ್ತಿ ತಾಣ. ಕಸ ತಂದವರೇ ಅದರ ವೆಚ್ಚ ಭರಿಸುವುದು ನ್ಯಾಯವೆಂದು ಮೇಲ್ನೋಟಕ್ಕೆ ತೋರುತ್ತದೆ. ಈ ಕ್ರಮವನ್ನು ದಶಕಗಳಿಂದ ಅನುಸರಿಸುತ್ತಿರುವ ಅಮೆರಿಕದ ಅನೇಕ ಕೌಂಟಿಗಳ, ಅಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ಘಟಕಗಳ, ಅನುಭವವನ್ನು ಸದಸ್ಯರು ಅರಿಯುವುದು ಉಪಯುಕ್ತ.

ಅಲ್ಲಿ ಲಾರಿಯನ್ನು ದ್ವಾರದಲ್ಲಿ ತೂಗಿ, ಟನ್ನಿಗೆ ಇಂತಿಷ್ಟು ಎಂದು ವಿಲೇವಾರಿ ಶುಲ್ಕ ಪಡೆಯಲಾಗುತ್ತದೆ. ಆದರೆ ವೆಚ್ಚದ ದೊಡ್ಡ ಭಾಗ ತೂಕವನ್ನು ಅವಲಂಬಿಸಿರುವುದಿಲ್ಲ. ತಳದ ರಕ್ಷಣಾ ಪದರ, ಕಸದಿಂದ ಇಳಿಯುವ ಕಲುಷಿತ ದ್ರವವನ್ನು ಹಿಡಿಯುವ ಕೊಳವೆಗಳು, ಅಂತರ್ಜಲ ಪರೀಕ್ಷೆಯ ಬಾವಿಗಳು, ಸಿಬ್ಬಂದಿ, ಸಾಲದ ಕಂತು: ಲಾರಿ ಬರಲಿ, ಬಾರದಿರಲಿ, ಇವುಗಳಿಗೆ ಹಣ ಬೇಕೇ ಬೇಕು. 1991ರ ಅಲ್ಲಿನ ಒಕ್ಕೂಟ ನಿಯಮಗಳಂತೆ, ತಾಣವನ್ನು ಮುಚ್ಚಿದ ಮೇಲೂ ಸಾಮಾನ್ಯವಾಗಿ 30 ವರ್ಷ ನಿಗಾ ವಹಿಸಬೇಕು ಮತ್ತು ಅದರ ವೆಚ್ಚಕ್ಕೆ ಮುಂಚಿತವಾಗಿಯೇ ಆರ್ಥಿಕ ಖಾತರಿ ಒದಗಿಸಬೇಕು. ಮುಚ್ಚಿದ ದ್ವಾರದಲ್ಲಿ ಶುಲ್ಕ ಕೊಡುವವರು ಯಾರೂ ಇರುವುದಿಲ್ಲವಷ್ಟೆ.

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ವಾರ್ಷಿಕ ಸ್ಥಿರ ವೆಚ್ಚ 12 ಲಕ್ಷ ಡಾಲರ್, ಬರುವ ಕಸ 20,000 ಟನ್, ಪ್ರತಿ ಟನ್ನಿನ ನಿರ್ವಹಣೆಗೆ 20 ಡಾಲರ್. ಆಗ ಶುಲ್ಕ 60 ಮತ್ತು 20 ಸೇರಿ 80 ಡಾಲರ್. ದೊಡ್ಡ ಸಾಗಣೆದಾರನೊಬ್ಬ ಅಗ್ಗದ ದರ ಹುಡುಕಿ 8,000 ಟನ್ನನ್ನು ಬೇರೆಡೆಗೆ ಒಯ್ದರೆ, ಉಳಿದ 12,000 ಟನ್ನಿನ ಮೇಲೆ ಶುಲ್ಕ 120 ಡಾಲರ್ ಆಗುತ್ತದೆ. ಇದನ್ನು ತೆರುವವರು ದೂರ ಹೋಗುವ ಅನುಕೂಲವಿಲ್ಲದ ಸಣ್ಣವರು. ದರ ಏರಿದಂತೆ ಇನ್ನಷ್ಟು ಮಂದಿ ಹೊರಡುತ್ತಾರೆ; ಕೆಲವರು ರಸ್ತೆಬದಿಯಲ್ಲೇ ಸುರಿದು ಹೋಗುತ್ತಾರೆ.

ಈ ಭಯವೇ ಎರಡು ಪ್ರಸಿದ್ಧ ವ್ಯಾಜ್ಯಗಳಿಗೆ ಮೂಲವಾಯಿತು. ನ್ಯೂಯಾರ್ಕ್ ರಾಜ್ಯದ ಕ್ಲಾರ್ಕ್ಸ್‌ಟೌನ್ ಪಟ್ಟಣವು ಖಾಸಗಿ ಗುತ್ತಿಗೆದಾರನಿಂದ ಕಸ ವರ್ಗಾವಣೆ ಕೇಂದ್ರ ಕಟ್ಟಿಸಿ, ವರ್ಷಕ್ಕೆ 1,20,000 ಟನ್ ಕಸದ ಭರವಸೆ ನೀಡಿತ್ತು. ಟನ್ನಿಗೆ 81 ಡಾಲರ್ ಶುಲ್ಕ. ಕಸ ಕಡಿಮೆಯಾದರೆ ಕೊರತೆಯನ್ನು ಪಟ್ಟಣವೇ ತುಂಬಬೇಕು. ಆದ್ದರಿಂದ ಎಲ್ಲ ಕಸವೂ ಅಲ್ಲಿಗೇ ಬರಬೇಕೆಂದು ಆದೇಶಿಸಿತು. ಖಾಸಗಿ ಕೇಂದ್ರವೊಂದಕ್ಕೆ ಅನುಕೂಲ ಮಾಡಿ ಅಂತರರಾಜ್ಯ ವ್ಯಾಪಾರಕ್ಕೆ ತಡೆಯೊಡ್ಡುವ ಈ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ರದ್ದುಪಡಿಸಿತು. ಅದೇ ರಾಜ್ಯದ ಒನೈಡಾ ಮತ್ತು ಹರ್ಕಿಮರ್ ಕೌಂಟಿಗಳ ಜಂಟಿ ಪ್ರಾಧಿಕಾರದ ಶುಲ್ಕ ಕನಿಷ್ಠ 86 ಡಾಲರ್ ಇತ್ತು. ನಿರ್ಬಂಧವಿಲ್ಲದಿದ್ದರೆ 37ರಿಂದ 55 ಡಾಲರಿಗೆ ವಿಲೇವಾರಿ ಸಾಧ್ಯವೆಂದು ಸಾಗಣೆದಾರರು ವಾದಿಸಿದರು. ಆದರೆ ಹೆಚ್ಚುವರಿ ಹಣದಿಂದ ಮರುಬಳಕೆ, ಗೊಬ್ಬರ ತಯಾರಿಕೆ, ಮನೆಗಳ ಅಪಾಯಕಾರಿ ತ್ಯಾಜ್ಯದ ವಿಲೇವಾರಿ ನಡೆಯುತ್ತಿದ್ದವು. ಕೇಂದ್ರವು ಸಾರ್ವಜನಿಕ ಒಡೆತನದ್ದು, ಖಾಸಗಿ ಕಂಪನಿಗಳೆಲ್ಲಕ್ಕೂ ಒಂದೇ ನಿಯಮ, ಹೆಚ್ಚಿನ ಹೊರೆಯೂ ಆ ಕಾನೂನಿಗೆ ಮತವಿತ್ತ ಜನರ ಮೇಲೆಯೇ ಎಂಬ ಕಾರಣಗಳಿಂದ 2007ರಲ್ಲಿ ನ್ಯಾಯಾಲಯ ಆ ಆದೇಶಗಳನ್ನು ಎತ್ತಿಹಿಡಿಯಿತು.

ಕಟ್ಟಾಜ್ಞೆಗಿಂತ ಸೌಮ್ಯವಾದ ದಾರಿಯೂ ಉಂಟು: ಸ್ಥಿರ ವೆಚ್ಚದ ಒಂದು ಪಾಲನ್ನು ಮನೆಗಳಿಂದ ವಾರ್ಷಿಕ ಶುಲ್ಕವಾಗಿ ಪಡೆಯುವುದು. ಮೇಲಿನ ಲೆಕ್ಕದಲ್ಲಿ 24,000 ಮನೆಗಳು ತಲಾ 25 ಡಾಲರ್ ಕೊಟ್ಟರೆ ಅರ್ಧ ಸ್ಥಿರ ವೆಚ್ಚ ತೀರಿ, ದ್ವಾರದ ಶುಲ್ಕ 50 ಡಾಲರಿಗೆ ಇಳಿಯುತ್ತದೆ. ಪೂರ್ತಿಯಾಗಿ ಮನೆಗಳ ಮೇಲೆ ಹೊರಿಸುವುದು ಮಾತ್ರ ಸಲ್ಲದು. ಮೂಟೆಗಟ್ಟಲೆ ಕಸ ಹಾಕುವವನೂ ಹಿಡಿಯಷ್ಟು ಹಾಕುವ ಒಂಟಿ ವೃದ್ಧೆಯೂ ಆಗ ಸಮಾನರಾಗುತ್ತಾರೆ. ಮುಚ್ಚುವಿಕೆಯ ನಿಧಿಯನ್ನಂತೂ ತೂಕದ ಮೇಲೆಯೇ ಸಂಗ್ರಹಿಸುವುದು ಯುಕ್ತ, ಏಕೆಂದರೆ ತಾಣದ ಆಯುಷ್ಯವನ್ನು ಕರಗಿಸುವುದು ಪ್ರತಿಯೊಂದು ಟನ್ನು.

ನಮ್ಮಲ್ಲಿ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಉತ್ಪಾದಕರು ಬಳಕೆದಾರ ಶುಲ್ಕ ತೆರಬೇಕೆಂದೂ, ಮುಚ್ಚಿದ ತಾಣವನ್ನು ಕನಿಷ್ಠ 15 ವರ್ಷ ನೋಡಿಕೊಳ್ಳಬೇಕೆಂದೂ ವಿಧಿಸಿದವು. ನೆರೆಯ ಪಂಚಾಯಿತಿಗಳೊಡನೆ ಜಂಟಿ ತಾಣದ ಪ್ರಸ್ತಾವ ಸಭೆಗೆ ಬಂದಾಗ ಅಂದಾಜುಪಟ್ಟಿಯಲ್ಲಿ ಆ 15 ವರ್ಷಗಳಿಗೆ ಪ್ರತ್ಯೇಕ ಬಾಬ್ತು ಇದೆಯೇ, ಒಂದು ಪಂಚಾಯಿತಿ ಹಿಂದೆ ಸರಿದರೆ ಅದರ ಪಾಲಿನ ಸ್ಥಿರ ವೆಚ್ಚ ಯಾರದು ಎಂಬುದನ್ನು ಸದಸ್ಯರು ಠರಾವಿಗೆ ಮುನ್ನವೇ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.